ಹಾಸಿಗೆ ಹಿಡಿದ ಪಾತ್ರ

ಹೋದ ವಾರ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಸಿಕೊಳ್ಳಲು ಮಲಗಿದ್ದೆ. ಕಾಯಿಲೆ ಅಂಥದ್ದೇನೂ ಇರಲಿಲ್ಲ. ವಯಸ್ಸಾಯಿತಲ್ಲ, ಒಮ್ಮೆ ತೋರಿಸಿಬಿಡಿ ಎಂದು ಹೆಂಡತಿ ಸರೋಜ ಎಳೆದುಕೊಂಡು ಬಂದಿದ್ದಳು. ಎದೆಗೂ ಕಾಲಿಗೂ ತಣ್ಣನೆಯ ಜೆಲ್ಲಿ ಹಚ್ಚಿ ವೈರು ಸಿಕ್ಕಿಸಿದ ಹುಡುಗಿ, ಅಲ್ಲಾಡಬೇಡಿ, ಮಾತಾಡಬೇಡಿ ಎಂದಳು. ನಾನು ಹಾಗೇ ಮಲಗಿದೆ. ಕೆಲಸ ಮುಗಿದ ಮೇಲೆ ಕಾಗದ ಹರಿದುಕೊಳ್ಳುತ್ತಾ, ಇಷ್ಟು ಅಚ್ಚುಕಟ್ಟಾಗಿ ಮಲಗುವವರನ್ನು ತಾನು ನೋಡೇ ಇಲ್ಲ ಎಂದು ಮೆಚ್ಚಿಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ಸರೋಜ, "ಅವರಿಗೆ ಅದೇ ಅಭ್ಯಾಸ ಕಣಮ್ಮ. ಟಿವಿಲಿ ವರ್ಷಗಟ್ಟಲೆ ಅದೊಂದೇ ಕೆಲಸ ಮಾಡಿದಾರೆ" ಎಂದಳು. ಹುಡುಗಿ ನನ್ನ ಮುಖವನ್ನು ನೋಡಿದಳು. ಗುರುತು ಸಿಗಲಿಲ್ಲ. ನನ್ನ ಧಾರಾವಾಹಿ ಬರುತ್ತಿದ್ದಾಗ ಅವಳು ಅಂಬೆಗಾಲಿಡುತ್ತಿದ್ದಳೋ ಏನೋ.

ನಿಮಗೂ ಗುರುತು ಇರಲಾರದು, ಬಿಡಿ. ಆದರೆ ಒಂದು ಕಾಲಕ್ಕೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತಿದರೆ ನನಗೆ ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಗೌರವದಿಂದಲ್ಲ, ಕನಿಕರದಿಂದ.

ನಾನು ನಟನಾದದ್ದು ಗಂಟಲಿನ ದೆಸೆಯಿಂದ. ಮುಖ ನೋಡಿ ಯಾರೂ ನನ್ನನ್ನು ರಂಗಕ್ಕೆ ಕರೆಯುತ್ತಿರಲಿಲ್ಲ. ಗಂಟಲು ಬಂದದ್ದು ಅಪ್ಪನಿಂದ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಕಾದ ಕಬ್ಬಿಣವನ್ನು ಉರುಳೆಗಳ ನಡುವೆ ಹಾಯಿಸಿ ಪಟ್ಟಿ ಮಾಡುವ ಮಿಲ್ಲಿನಲ್ಲಿದ್ದರು. ಅಲ್ಲಿಯ ಗದ್ದಲದಲ್ಲಿ ಪಕ್ಕದವನಿಗೆ ಮಾತು ತಲುಪಬೇಕಾದರೂ ಕೂಗಬೇಕು. ಆ ಅಭ್ಯಾಸ ಅವರ ಹಿಂದೆಯೇ ಮನೆಗೂ ಬರುತ್ತಿತ್ತು. ಶಿಫ್ಟ್ ಮುಗಿಸಿ ಸೈಕಲ್ ತುಳಿಯುತ್ತಾ ಬರುವವರು ಕ್ವಾರ್ಟರ್ಸಿನ ತಿರುವಿನಿಂದಲೇ ನೀರು ಕಾಯಿಸಲು ಹೇಳುತ್ತಿದ್ದರು. ಆ ಕೂಗಿಗೆ ನಮ್ಮ ಸಾಲಿನ ಎಲ್ಲ ಮನೆಗಳಲ್ಲೂ ಹಂಡೆಗೆ ಉರಿ ಹಾಕುತ್ತಾರೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ನನಗೆ ಗಣಿತದಲ್ಲಿ ಎಷ್ಟು ಅಂಕ ಬಂತೆಂಬುದು ನನ್ನ ಗೆಳೆಯರಿಗೆ ಅವರವರ ಮನೆಯಲ್ಲಿ ಕೂತಲ್ಲಿಗೇ, ನನ್ನ ಅಪ್ಪನ ಬಾಯಿಂದಲೇ ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಗುಟ್ಟು ಎಂಬುದು ಇರುವುದು ಸಾಧ್ಯವೇ ಇರಲಿಲ್ಲ. ಒಗೆದು ಹರವಿದ ಬಿಳಿ ಬಟ್ಟೆ ಸಂಜೆಗೆ ಕಾರ್ಖಾನೆಯ ಧೂಳಿಗೆ ತುಸು ಕೆಂಪಗಾಗುತ್ತಿತ್ತಲ್ಲ, ಹಾಗೆ ನಮ್ಮ ಮಾತೂ ಎಲ್ಲರಿಗೂ ಅಂಟುತ್ತಿತ್ತು.

ನಾನೂ ಮುಂದೆ ಅದೇ ಕಾರ್ಖಾನೆ ಸೇರಿದೆ. ನನ್ನದು ಉಗ್ರಾಣದ ಗುಮಾಸ್ತಿಕೆ. ಬೋಲ್ಟು ನಟ್ಟುಗಳ ನಡುವೆ ಕೂಗುವ ಅಗತ್ಯವಿರಲಿಲ್ಲ. ಹಾಗಾಗಿ ಗಂಟಲಿಗೆ ಬೇರೆ ಕೆಲಸ ಬೇಕಾಯಿತು.

ಆ ಕೆಲಸ ಕೊಟ್ಟವರು ಶಿವಮೊಗ್ಗದ ರುದ್ರೇಶಣ್ಣ. ರವೀಂದ್ರನಗರದಲ್ಲಿ ಮನೆ, ಹಗಲು ಬ್ಯಾಂಕಿನ ಕೆಲಸ, ಸಂಜೆ ನಾಟಕ. ಕೋಟೆಯ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ ನಮ್ಮ ತಂಡದ ತಾಲೀಮು ನಡೆಯುತ್ತಿತ್ತು. ಮೊದಲ ದಿನವೇ ನನ್ನ ದನಿ ಕೇಳಿ ಗದೆ ಹೊರುವ ಪಾತ್ರಗಳನ್ನೆಲ್ಲ ನನಗೆ ಬರೆದಿಟ್ಟರು. ಒಮ್ಮೆ ಬಯಲು ರಂಗದಲ್ಲಿ ಆಟ ಅರ್ಧಕ್ಕೆ ಬಂದಾಗ ಮೈಕು ಕೆಟ್ಟಿತು. ಉಳಿದವರೆಲ್ಲ ಗಾಬರಿಯಾದರು. ನಾನು ಮಾತ್ರ ಏನೂ ಆಗಿಲ್ಲವೆಂಬಂತೆ ಮುಂದುವರಿಸಿದೆ. ಆವತ್ತು ರಸ್ತೆಯ ಆಚೆ ಕಡೆ ಬಸ್ಸಿಗೆ ಕಾಯುತ್ತಿದ್ದವರೂ ನಾಟಕ ಕೇಳಿಸಿಕೊಂಡರಂತೆ. ಈ ಸುದ್ದಿಯನ್ನು ಭದ್ರಾವತಿಯಲ್ಲಿ ಹಬ್ಬಿಸಿದವನು ನಾನೇ. ರುದ್ರೇಶಣ್ಣನಿಗೆ ಅದೇನೂ ಹೆಚ್ಚುಗಾರಿಕೆ ಅನಿಸಿರಲಿಲ್ಲ. "ನೀನು ಪಾತ್ರ ಮಾಡ್ತಿಲ್ಲ ಮಾರಾಯ, ಅನೌನ್ಸ್ ಮಾಡ್ತಿದೀಯ" ಎನ್ನುತ್ತಿದ್ದರು. ಅದನ್ನು ನಾನು ಪ್ರೀತಿಯ ಗದರಿಕೆ ಎಂದುಕೊಂಡು ಸಂತೋಷವಾಗಿಯೇ ಇದ್ದೆ.

ತೊಂಬತ್ತರ ದಶಕ ಶುರುವಾದಾಗ ಅಪ್ಪ ನಿವೃತ್ತರಾಗಿದ್ದರು. ಕ್ವಾರ್ಟರ್ಸು ನನ್ನ ಹೆಸರಿಗೆ ಬಂದಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಲಕ್ವ ಹೊಡೆದಿತ್ತು. ಬಲಭಾಗ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು. ಮುಂಬಾಗಿಲ ಕೋಣೆಯಲ್ಲಿ ಮಂಚ ಹಾಕಿದೆವು. ಆಮೇಲೆ ಸಾಯುವವರೆಗೆ ಕೆಲವು ವರ್ಷ ಅವರು ಅಲ್ಲೇ ಇದ್ದರು, ಒಂದು ಶಬ್ದವನ್ನೂ ಆಡದೆ. ಬೀದಿಯವರಿಗೆ ಮೊದಮೊದಲು ನಮ್ಮ ಮನೆ ಬೀಗ ಹಾಕಿದೆ ಎಂದೇ ಅನಿಸುತ್ತಿತ್ತಂತೆ.

ಅಪ್ಪನಿಗೆ ಉಳಿದದ್ದು ಎಡಗೈ. ಆ ಕೈಯ ಹೆಬ್ಬೆರಳಿನಿಂದ ಹೊದಿಕೆಯ ಅಂಚನ್ನು ಉಜ್ಜುತ್ತಿದ್ದರು. ನನಗೆ ಅದು ಸುಮ್ಮನೆ ಉಜ್ಜಿದಂತೆ ಕಾಣುತ್ತಿತ್ತು. ಅಮ್ಮನಿಗೆ ಅದರಲ್ಲಿ ಎಲ್ಲ ಇತ್ತು. ಹೀಗೆ ಉಜ್ಜಿದರೆ ನೀರು, ಹಾಗೆ ಉಜ್ಜಿದರೆ ಕಿಟಕಿ, ಅಂಚನ್ನು ಒತ್ತಿ ಹಿಡಿದರೆ ಯಾರೋ ಬಂದಿದ್ದಾರೆ, ಸಾಕಾಗಿದೆ, ಕಳಿಸು. ನಮಗೆಲ್ಲ ತಾಸುಗಟ್ಟಲೆ ಹೊಳೆಯದ್ದನ್ನು ಅವಳು ಅಡುಗೆಮನೆಯ ಬಾಗಿಲಿನಿಂದ ಇಣುಕಿ ನೋಡಿ ಓದಿಬಿಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಮಂಚ ತೆಗೆದು ಆ ಜಾಗದಲ್ಲಿ ಟಿವಿ ಇಟ್ಟೆವು. ಕೇಬಲ್ ಬಂದಿತ್ತು, ಎಲ್ಲರ ಮನೆಯಲ್ಲೂ ದಿನವೂ ಧಾರಾವಾಹಿ. ಆಗಲೇ ಒಂದು ದಿನ ಬೆಂಗಳೂರಿನಿಂದ ವಿನಾಯಕನ ಫೋನು ಬಂತು. ವಿನಾಯಕ ಮೊದಲು ನಮ್ಮ ತಂಡಕ್ಕೆ ಬೆಳಕು ಮಾಡುತ್ತಿದ್ದವನು, ಬೆಂಗಳೂರಿಗೆ ಹೋಗಿ ಟಿವಿ ನಿರ್ದೇಶಕನಾಗಿದ್ದ. ಹೊಸ ಧಾರಾವಾಹಿಯಲ್ಲಿ ಮನೆಯ ಯಜಮಾನನ ಪಾತ್ರ ಇದೆ, ಇಡೀ ಕಥೆ ಆ ಯಜಮಾನನ ಸುತ್ತಲೇ ಸುತ್ತುತ್ತದೆ, ನೀವೇ ಮಾಡಬೇಕು ಎಂದ. ರಜೆ ಹಾಕಿದೆ. ಸರೋಜ ಹೊಸ ಜುಬ್ಬ ಇಸ್ತ್ರಿ ಮಾಡಿಕೊಟ್ಟಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ನಾನೇ ಕಾಫಿ ಕೊಡಿಸಿ ಬಂದೆ.

ಜುಬ್ಬದ ಅಗತ್ಯ ಬೀಳಲಿಲ್ಲ. ಯಜಮಾನನಿಗೆ ಕಥೆ ಶುರುವಾಗುವ ಮೊದಲೇ ಲಕ್ವ ಹೊಡೆದಿರುತ್ತದೆ ಎಂಬುದನ್ನು ವಿನಾಯಕ ನಾನು ಮೇಕಪ್ಪಿಗೆ ಕೂತ ಮೇಲೆ ತಿಳಿಸಿದ. ಮಾತೂ ಇರುವುದಿಲ್ಲ, ಆದರೆ ಆಮೇಲೆ ಬರುತ್ತದೆ, ಬಂದಾಗ ಇಡೀ ಕರ್ನಾಟಕ ಕೂತು ಕೇಳುತ್ತದೆ ಎಂದು ಸಮಾಧಾನ ಮಾಡಿದ. ನಾನು ಅವನನ್ನು ಏನೂ ಅನ್ನಲಿಲ್ಲ. ಅವನಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಬಿಟ್ಟು ಬರುವುದಕ್ಕೂ ಆಗದಂತೆ ಕ್ಯಾಂಟೀನಿನ ಕಾಫಿ ಕೊಡಿಸಿ ಆಗಿತ್ತು.

ಹೀಗೆ ನನ್ನ ಟಿವಿ ಬದುಕು ಮಲಗಿಕೊಂಡೇ ಶುರುವಾಯಿತು. ತಿಂಗಳಿಗೆ ಕೆಲವು ದಿನ ರಜೆ ಹಾಕಿ ಹೋದರೆ ಸಾಕಿತ್ತು, ನಾನು ಮಲಗಿದ ದೃಶ್ಯಗಳನ್ನೆಲ್ಲ ಒಟ್ಟಿಗೇ ತೆಗೆದುಬಿಡುತ್ತಿದ್ದರು. ಉಳಿದ ನಟರಿಗೆ ದೃಶ್ಯಕ್ಕೊಂದು ಬಟ್ಟೆ. ನನಗೆ ಒಂದು ಪಂಚೆ, ಒಂದು ಬನಿಯನ್ನು, ಕುತ್ತಿಗೆಯವರೆಗೆ ಹೊದಿಕೆ. ಉಳಿದವರ ಮುಖಕ್ಕೆ ಕಾಂತಿ ಹಚ್ಚುತ್ತಿದ್ದರು, ನನ್ನ ಮುಖದಲ್ಲಿ ಇದ್ದಷ್ಟನ್ನು ತೆಗೆಯುತ್ತಿದ್ದರು. ಮಲಗುವುದು ಸುಲಭ ಎಂದು ನೀವು ಅಂದುಕೊಳ್ಳಬಹುದು. ದೀಪಗಳ ಬಿಸಿಗೆ, ಬಸ್ಸಿನ ಆಯಾಸಕ್ಕೆ ನನಗೆ ನಿಜವಾಗಿಯೇ ನಿದ್ದೆ ಹತ್ತುತ್ತಿತ್ತು. ಒಮ್ಮೆ ನನ್ನ ಟಿವಿ ಹೆಂಡತಿ ತಲೆದೆಸೆಯಲ್ಲಿ ಕೂತು ಕಣ್ಣೀರು ಹಾಕುತ್ತಿರುವಾಗ ನಾನು ಗೊರಕೆ ಹೊಡೆದೆ. ಆಕೆ ಮೊದಲು ಬೆಚ್ಚಿದರು, ಆಮೇಲೆ ನಕ್ಕರು. ಇಡೀ ದೃಶ್ಯ ಮತ್ತೆ ತೆಗೆಯಬೇಕಾಯಿತು.

ವಿನಾಯಕ ಮಂಚದ ಹತ್ತಿರ ಬಂದು, "ಬರೀ ಮಲಗಿದ್ರೆ ಸಾಲದು ಸಾರ್. ಒಳಗೆ ಒಬ್ಬ ಮನುಷ್ಯ ಇದಾನೆ ಅಂತ ಗೊತ್ತಾಗ್ಬೇಕು" ಎಂದ.

ನಾನು ಯೋಚಿಸಿ ಮಾಡಿದ್ದಲ್ಲ. ಕ್ಯಾಮೆರಾ ಓಡತೊಡಗಿದಾಗ ನನ್ನ ಎಡಗೈ ಹೆಬ್ಬೆರಳು ಹೊದಿಕೆಯ ಅಂಚಿಗೆ ಹೋಯಿತು. ಮೆಲ್ಲಗೆ ಉಜ್ಜಿತು. ಕಟ್ ಎಂದಮೇಲೆ ವಿನಾಯಕ, ಅದನ್ನೇ ಇನ್ನೊಮ್ಮೆ ಮಾಡಿ, ಕೈಯನ್ನು ಹತ್ತಿರದಿಂದ ತೆಗೆಯುತ್ತೇನೆ ಎಂದ. ಅವತ್ತಿನಿಂದ ಪ್ರತಿ ಕಂತಿನಲ್ಲೂ ಹೆಬ್ಬೆರಳಿಗೆ ಒಂದು ಶಾಟ್ ಮೀಸಲಾಯಿತು. ಆ ಧಾರಾವಾಹಿಯಲ್ಲಿ ನಟಿಸಿದ್ದು ನನ್ನ ಒಂದು ಬೆರಳು ಮಾತ್ರ ಎಂದರೂ ತಪ್ಪಿಲ್ಲ.

ಊರಿನಲ್ಲಿ ನನ್ನ ಕಾಯಿಲೆ ಬೇಗ ಹಬ್ಬಿತು. ನಾನು ಬೋಲ್ಟಿನ ಡಬ್ಬ ಎತ್ತಲು ಹೋದರೆ ಯಾರಾದರೂ ಓಡಿಬಂದು ಕಸಿದುಕೊಳ್ಳುತ್ತಿದ್ದರು. ಗಾಜನೂರಿನ ಅಣೆಕಟ್ಟು ನೋಡಲು ಮನೆಮಂದಿಯೆಲ್ಲ ಹೋಗಿದ್ದಾಗ ಪರಿಚಯವಿಲ್ಲದ ಹೆಂಗಸೊಬ್ಬರು ಹತ್ತಿರ ಬಂದು, ಯಾವಾಗಿನಿಂದ ಓಡಾಡುತ್ತಿದ್ದೀರಿ, ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ವಿಚಾರಿಸಿದರು. ಅವರ ಮಾವನಿಗೂ ಹಾಗೇ ಆಗಿದೆಯಂತೆ. ಇದು ಬರೀ ನಾಟಕ ಎಂದು ಹೇಳಿದೆ. ಆಕೆಯ ಮುಖ ಸಣ್ಣದಾಯಿತು.

ಎದುರು ಮನೆಯ ಸೆಲ್ವಿ ಒಂದು ಸಂಜೆ ವಿಭೂತಿ ತಂದರು. ಅವರ ತಂದೆಯವರು ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಸೆಲ್ವಿ ಭದ್ರಾವತಿಯಲ್ಲೇ ಹುಟ್ಟಿದ್ದರೂ ಅವರ ಕನ್ನಡದಲ್ಲಿ ಸೇಲಂ ಇನ್ನೂ ಉಳಿದಿತ್ತು. ಮುರುಗನಿಗೆ ನನ್ನ ಹೆಸರಲ್ಲಿ ಅರ್ಚನೆ ಮಾಡಿಸಿಕೊಂಡು ಬಂದಿದ್ದರು. ನನಗೇನೂ ಆಗಿಲ್ಲವಲ್ಲ ಎಂದೆ.

"ಸೀರಿಯಲ್ ಅಂತ ನಂಗೂ ಗೊತ್ತು ಸಾರ್" ಎಂದರು ಸೆಲ್ವಿ. "ಆದ್ರೆ ಮಲಗಿರೋ ಒಡಂಬು ನಿಮ್ದೇ ಅಲ್ವಾ?"

ಒಡಂಬು ಎಂದರೆ ಮೈ. ನಾನು ಹಣೆ ಒಡ್ಡಿದೆ.

ಅಮ್ಮ ಮೊದಲನೇ ದಿನ ಧಾರಾವಾಹಿಯನ್ನು ಗೋಡೆಗೆ ಒರಗಿ ಕೂತು ನೋಡಿದ್ದಳು. ಹೆಬ್ಬೆರಳಿನ ಶಾಟ್ ಬಂದಾಗ ಎದ್ದು ಅಡುಗೆಮನೆಗೆ ಹೋದಳು. ಅವಳಿಗೆ ನೋವಾಯಿತೇನೋ, ಇನ್ನು ಟಿವಿ ಹಾಕುವುದೇ ಬೇಡ ಎಂದು ನಾನೂ ಸರೋಜಳೂ ಮಾತಾಡಿಕೊಂಡೆವು. ಮರುದಿನ ಹೊತ್ತಿಗೆ ಸರಿಯಾಗಿ ಅವಳೇ ಬಂದು ಟಿವಿ ಹಾಕು ಎಂದಳು. ಈ ಸಲ ಗೋಡೆ ಬಿಟ್ಟು ಮುಂದೆ ಬಂದು ಕೂತಳು. ಅಪ್ಪನ ಮಂಚವಿದ್ದ ಜಾಗದಲ್ಲೇ ಟಿವಿ ಇದ್ದುದರಿಂದ, ಅವಳು ಹಿಂದೆ ಕೂರುತ್ತಿದ್ದ ಜಾಗವೂ ಹೆಚ್ಚುಕಡಿಮೆ ಅದೇ ಆಯಿತು.

ಕೆಲವು ದಿನ ಕಳೆದ ಮೇಲೆ ಅಮ್ಮ ಟಿವಿಯ ಜೊತೆ ಮಾತಾಡತೊಡಗಿದಳು. ಅವಳ ತಕರಾರೆಲ್ಲ ನನ್ನ ಟಿವಿ ಹೆಂಡತಿಯ ಮೇಲೆ. ಆಕೆ ಒಳ್ಳೆಯ ನಟಿ, ಬಹಳ ಚೆನ್ನಾಗಿ ಅಳುತ್ತಿದ್ದರು. ಆದರೆ ಹೆಬ್ಬೆರಳು ಏನು ಹೇಳುತ್ತಿದೆ ಎಂದು ಆಕೆಗೆ ತಿಳಿಯುತ್ತಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ. "ನೀರು ಕೇಳ್ತಿದಾರೆ ಕಣೇ, ಅಳ್ತಾ ಕೂತಿದೀಯಲ್ಲ" ಎಂದು ಅಮ್ಮ ಸಿಡುಕುತ್ತಿದ್ದಳು. ನಾನು ಪಕ್ಕದಲ್ಲೇ, ಚೆನ್ನಾಗಿ ಉಂಡು ಗೋಡೆಗೆ ಒರಗಿ ಕೂತಿರುತ್ತಿದ್ದೆ. ನನ್ನ ಕಡೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಕೊನೆಗೆ ಯಜಮಾನನಿಗೆ ಮಾತು ಬರುವ ಕಾಲ ಹತ್ತಿರವಾಯಿತು. ವಿನಾಯಕ ಫೋನಿನಲ್ಲಿ ಒಂದು ಪುಟ ಸಂಭಾಷಣೆ ಇದೆ ಎಂದ. ಮನೆ ಮುರಿದವರು ಯಾರು, ಆಸ್ತಿ ಯಾರಿಗೆ, ಎಲ್ಲವನ್ನೂ ಯಜಮಾನ ಹಾಸಿಗೆಯ ಮೇಲೆ ಎದ್ದು ಕೂತು ಹೇಳುತ್ತಾನೆ. ಇಷ್ಟು ದಿನ ಸುಮ್ಮನಿದ್ದ ನನ್ನ ಗಂಟಲು ಕೆರೆಯತೊಡಗಿತು. ಹಿತ್ತಲಲ್ಲಿ ನಿಂತು ತಾಲೀಮು ಮಾಡಿದೆ. ಅಕ್ಕಪಕ್ಕದವರಿಗೆ ಕಥೆ ಮುಂಚಿತವಾಗಿ ತಿಳಿದುಹೋಗುತ್ತದೆ ಎಂದು ಸರೋಜ ಒಳಗೆ ಕರೆದು ಬಾಗಿಲು ಹಾಕಿದಳು. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಎಲ್ಲರದ್ದೂ ಒಂದೇ ಪ್ರಶ್ನೆ: ಏನು ಹೇಳುತ್ತೀರಿ? ಅಮ್ಮ ಮಾತ್ರ ಕೇಳಲಿಲ್ಲ. ಆದರೆ ನಾನು ಶೂಟಿಂಗಿಗೆ ಹೊರಟ ಬೆಳಿಗ್ಗೆ ಬಾಗಿಲವರೆಗೆ ಬಂದು, ಹುಷಾರು ಎಂದಳು. ಬೇರೆ ದಿನ ಬರುತ್ತಿದ್ದವಳಲ್ಲ.

ಅಲ್ಲಿಗೆ ಹೋದರೆ ಪುಟ ಹಾರಿಹೋಗಿತ್ತು. ವಿನಾಯಕ ಮನಸ್ಸು ಬದಲಾಯಿಸಿದ್ದ. "ಇಷ್ಟು ಕಾಲ ಮಾತಾಡದೆ ಇದ್ದೋರು ಎದ್ದ ಕೂಡ್ಲೇ ಒಂದು ಪುಟ ಮಾತಾಡಲ್ಲ ಸಾರ್. ಹೆಂಡ್ತಿ ಮುಖ ನೋಡಿ, 'ಊಟ ಆಯ್ತೇನೇ?' ಅಂತ ಕೇಳಿ ಸಾಕು" ಎಂದ. ಈಗ ಯೋಚಿಸಿದರೆ ಅವನು ಹೇಳಿದ್ದೇ ಸರಿ. ಆಗ ನನಗೆ ಮುಂದಿದ್ದ ಅನ್ನದ ತಟ್ಟೆಯನ್ನು ಯಾರೋ ಎಳೆದುಕೊಂಡಂತಾಯಿತು. ಆಸ್ತಿಯಿಲ್ಲ, ಕೇಡಿಗನಿಲ್ಲ, ಸಿಕ್ಕಿದ್ದು ಎರಡು ಪದ. ಆ ಎರಡಕ್ಕೇ ನನ್ನಲ್ಲಿದ್ದದ್ದನ್ನೆಲ್ಲ ಸುರಿದೆ. ಧ್ವನಿ ಹಿಡಿಯುತ್ತಿದ್ದವನು ಕಿವಿಯ ಹೆಡ್‌ಫೋನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ತಗ್ಗಿಸಿ ಎಂದರು. ತಗ್ಗಿಸಿದೆ. ಇನ್ನೂ ತಗ್ಗಿಸಿ ಎಂದರು. ನನ್ನ ಮಟ್ಟಿಗೆ ಪಿಸುಮಾತೇ ಆಡಿದೆ. ವಿನಾಯಕ ಧ್ವನಿಯವನ ಮುಖ ನೋಡಿ, ಸರಿ, ಆಯಿತು ಎಂದ. ಅವನು ಒಪ್ಪಿದ ಎಂದುಕೊಂಡು ಬಸ್ಸು ಹತ್ತಿದೆ.

ಆ ಕಂತು ಬಂದ ಸಂಜೆ ನಮ್ಮ ಮುಂಬಾಗಿಲ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಲ್ವಿಯವರ ಇಡೀ ಕುಟುಂಬ, ಕಾರ್ಖಾನೆಯ ಗೆಳೆಯರು, ಕಿಟಕಿಯ ಹೊರಗೂ ಜನ. ಅಮ್ಮ ತನ್ನ ಜಾಗದಲ್ಲಿ, ಎಲ್ಲರಿಗಿಂತ ಮುಂದೆ. ತೆರೆಯ ಮೇಲೆ ನಾನು ಕಣ್ಣು ತೆರೆದೆ. ಹೆಂಡತಿಯ ಕಡೆ ತಿರುಗಿದೆ. ತುಟಿ ಅಲ್ಲಾಡಿತು.

"ಊಟ ಆಯ್ತೇನೇ?"

ದನಿ ನನ್ನದಲ್ಲ. ತೆಳ್ಳಗಿನ, ಸ್ವಲ್ಪ ನಡುಗುವ, ಯಾವುದೋ ಬೇರೆ ಗಂಡಸಿನ ದನಿ. ಯಾರದೋ ನಾಲಿಗೆ ನನ್ನ ಬಾಯಲ್ಲಿ ಹೊರಳಿದಂತೆ ಕಂಡಿತು.

ಕೋಣೆಯೆಲ್ಲ ಚಪ್ಪಾಳೆ. ಸೆಲ್ವಿ ಕಣ್ಣೊರೆಸಿಕೊಂಡರು. ಗೆಳೆಯರು ಕೈ ಕುಲುಕಿ, ಏನು ದನಿಯಪ್ಪ ನಿನ್ನದು, ಕರುಳು ಹಿಂಡಿತು ಎಂದರು. ಇವರೆಲ್ಲ ನನ್ನ ದನಿಯನ್ನು ವರ್ಷಗಟ್ಟಲೆ ಕೇಳಿದವರು. ಮೈಕು ಕೆಟ್ಟ ಕಥೆಯನ್ನು ನನ್ನ ಬಾಯಿಂದಲೇ ಹಲವು ಸಲ ಕೇಳಿದವರು. ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಸರೋಜಳಿಗೆ. ಅವಳು ನನ್ನ ಕಡೆ ಒಮ್ಮೆ ನೋಡಿ, ಬಂದವರಿಗೆ ಮಂಡಕ್ಕಿ ಹಂಚತೊಡಗಿದಳು. ಅಮ್ಮ ಎದ್ದು ಒಳಗೆ ಹೋದಳು. ಅಷ್ಟರಲ್ಲಿ ಶಿವಮೊಗ್ಗದಿಂದ ರುದ್ರೇಶಣ್ಣನ ಫೋನು ಬಂತು.

"ಯಾರೋ ಅವನು, ನಿನ್ನ ಬಾಯೊಳಗೆ ಕೂತಿರೋನು?" ಎಂದರು.

ಗೊತ್ತಿಲ್ಲ ಎಂದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ.

ಆಮೇಲೆ ವಿನಾಯಕನನ್ನು ಕೇಳಿದಾಗ ಅವನು ಸಂಕೋಚದಿಂದಲೇ ವಿವರಿಸಿದ. ಎಡಿಟಿಂಗಿನಲ್ಲಿ ನೋಡಿದರೆ ನನ್ನ ದನಿ ಕಾಯಿಲೆಯವನದ್ದಾಗಿರಲಿಲ್ಲವಂತೆ. ಎಷ್ಟು ಇಳಿಸಿದರೂ ಅದು ಆರೋಗ್ಯವಾಗಿಯೇ ಇತ್ತಂತೆ. ಕಂತು ಕಳಿಸುವ ಅವಸರ, ಸ್ಟುಡಿಯೋದಲ್ಲಿ ಇದ್ದ ಒಬ್ಬರಿಂದ ಹೇಳಿಸಿದೆ, ತಿಳಿಸಲು ಆಗಲಿಲ್ಲ ಎಂದ. ಅವನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ. ಸರಿಯಾದ ಕಾರಣ ಸಿಗಲಿಲ್ಲ.

ನನ್ನ ವೃತ್ತಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಆಮೇಲೂ ಧಾರಾವಾಹಿಗಳು ಬಂದವು. ಒಂದರಲ್ಲಿ ಹೃದಯಾಘಾತ, ಇನ್ನೊಂದರಲ್ಲಿ ಮರೆವು, ಮತ್ತೊಂದರಲ್ಲಿ ಕೋಮಾ. ಮಂಚ ಬೇಕಾದ ಪಾತ್ರವಿದ್ದರೆ ನನ್ನನ್ನು ನೆನೆಸಿಕೊಳ್ಳುತ್ತಿದ್ದರು. ನಾಟಕವನ್ನೂ ಬಿಡಲಿಲ್ಲ. ಆದರೆ ಗದೆ ಕೆಳಗಿಟ್ಟೆ. ರುದ್ರೇಶಣ್ಣ ಒಮ್ಮೆ ಒಬ್ಬ ಮುದಿ ತಂದೆಯ ಪಾತ್ರ ಕೊಟ್ಟರು. ಕೋಟೆಯ ಆ ಹಾಲಿನಲ್ಲಿ ತಾಲೀಮು ನಡೆದಾಗ ಹಿಂದಿನ ಸಾಲಿನಲ್ಲಿದ್ದವರು ನನ್ನ ಮಾತು ಕೇಳಲು ಮುಂದಕ್ಕೆ ಬಾಗಿದರು. ರುದ್ರೇಶಣ್ಣ ಆವತ್ತು ಅನೌನ್ಸ್ ಎಂಬ ಮಾತೆತ್ತಲಿಲ್ಲ. ಮೆಲ್ಲಗೆ ಮಾತಾಡುವುದನ್ನು ನಾನು ಎಲ್ಲಿ ಕಲಿತೆನೆಂದು ಕೆಲವರು ಕೇಳಿದರು. ಟಿವಿಯಲ್ಲಿ ಎಂದುಬಿಟ್ಟೆ. ನಿಜವಾಗಿ ಕಲಿತದ್ದು ಮನೆಯಲ್ಲಿ, ಆ ಕಂತು ಬಂದ ಮರುದಿನ.

ಅವತ್ತು ನನಗೆ ಎರಡನೇ ಪಾಳಿ. ಬೇಗ ಊಟ ಮುಗಿಸಿದ್ದೆ, ಅಮ್ಮನೇ ಬಡಿಸಿದ್ದಳು. ಸರೋಜ ಮಾರ್ಕೆಟ್ಟಿಗೆ ಹೋಗಿದ್ದಳು. ಅಮ್ಮ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಶರ್ಟು ಹಾಕಿಕೊಳ್ಳುತ್ತಿದ್ದಾಗ, ನಿನ್ನೆ ಮಾತಾಡಿದ್ದು ಯಾರು ಎಂದು ತಲೆ ಎತ್ತದೆ ಕೇಳಿದಳು. ಬೆಂಗಳೂರಿನವರು ಯಾರೋ, ನನ್ನ ದನಿ ಜೋರಾಯಿತಂತೆ ಎಂದೆ.

"ನೀನು ಹೆಂಗೆ ಹೇಳಿದ್ದೆ?"

ಶೂಟಿಂಗಿನಲ್ಲಿ ಹೇಳಿದಂತೆಯೇ ಹೇಳಿ ತೋರಿಸಿದೆ. ಎದುರು ಮನೆಯ ಕಿಟಕಿಯಲ್ಲಿ ಸೆಲ್ವಿಯವರ ಮುಖ ಕಾಣಿಸಿಕೊಂಡು ಮರೆಯಾಯಿತು.

ಅಮ್ಮ ತಲೆಯಾಡಿಸಿದಳು. "ಅಷ್ಟು ಆಗಲ್ಲ ಅವರಿಗೆ. ನಾಲಿಗೆ ಏಳ್ಬೇಕಲ್ಲ" ಎಂದಳು. ಒಂದು ಬೀಜ ತೆಗೆದು ಪಕ್ಕಕ್ಕಿಟ್ಟಳು. "ಕೂತ್ಕೊಂಡು ಹೇಳು. ಅವರು ಹೇಳಿದಂಗೆ."

ನಾನು ಮೊರದ ಈಚೆ ನೆಲದ ಮೇಲೆ ಕೂತೆ. ಅಪ್ಪ ಹೇಳಿದಂತೆ ಎಂದರೆ ಹೇಗೆ ಎಂದು ಯೋಚಿಸಿದೆ. ಕುಸಿದು ಬಿದ್ದ ಮೇಲೆ ಅಪ್ಪ ಏನನ್ನೂ ಹೇಳಿರಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ತುಟಿ ಬಿಚ್ಚುತ್ತಿದ್ದರು. ಅದರ ಹಿಂದೆ ಏನಿತ್ತೋ ನಮಗೆ ಕೊನೆಗೂ ಗೊತ್ತಾಗಲಿಲ್ಲ. ಅಮ್ಮನಿಗೆ 'ಏನೇ' ಎನ್ನಲು ನಾಲಿಗೆ ಹಿಂಜರಿಯಿತು. ಆ ಹಿಂಜರಿಕೆಯಲ್ಲೇ ಮಾತು ಬಂತು. ರಂಗದ್ದೂ ಅಲ್ಲದ, ಮಿಲ್ಲಿನದ್ದೂ ಅಲ್ಲದ ಒಂದು ದನಿ, ಮೊರದಾಚೆಗೆ ತಲುಪುವಷ್ಟೇ.

"ಊಟ ಆಯ್ತೇನೇ?"

ಅಮ್ಮನ ಕೈ ಹುಣಸೆಹಣ್ಣಿನ ಮೇಲೆ ನಿಂತಿತು.

"ಆಯ್ತು" ಎಂದಳು. "ನಿಮ್ದು?"

ಅಮ್ಮ ನನ್ನನ್ನು ಯಾವತ್ತೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ.

"ಇನ್ನೂ ಇಲ್ಲ" ಎಂದೆ.

ಅವಳು ಕೈ ಒರೆಸಿಕೊಂಡು ಎದ್ದಳು. ಅಡುಗೆಮನೆಯಲ್ಲಿ ತಟ್ಟೆ ಇಟ್ಟು ಅನ್ನ ಬಡಿಸಿದಳು, ಸಾರು ಬಿಸಿ ಮಾಡಿ ಹಾಕಿದಳು. ನಾನು ಹೋಗಿ ಕೂತು ಮತ್ತೊಮ್ಮೆ ಉಂಡೆ.